ಹದಿನೇಳನೇ ನಂಬರಿನ ನೂಲು

ಮಳವಳ್ಳಿ
೧೪ ಫೆಬ್ರವರಿ ೧೯೪೩

ತಮ್ಮ ಹುಚ್ಚೀರಯ್ಯನಿಗೆ ಅಕ್ಕ ಮಹದೇವಮ್ಮ ಮಾಡುವ ಆಸೀರ್ವಾದ.

ಏನ್ಲಾ, ದಸರಾ ಕಳೆದ ಮ್ಯಾಲೆ ಮದ್ದೂರು ಟೇಸನ್ನಲ್ಲಿ ರೈಲು ಅತ್ತಿದೋನು, ಒಂದು ಕಾರ್ಡು ಬರ್ದು ಸುಮ್ಕಾಗ್ಬುಟ್ಟಿದ್ದೀಯ. "ಕ್ಷೇಮ, ಇಲ್ಲಿ ಚಳಿ ಜಾಸ್ತಿ" ಅಂತ ನಾಕು ಪದ. ನಿನ್ನ ಎತ್ತಿ ಆಡ್ಸಿ ಮೂಗು ಒರ್ಸಿದೋಳು ನಾನು, ನಂಗೆ ನಾಕು ಪದಾನಾ? ದಂಡಿನಲ್ಲಿ ಏನ್ ಕೆಲ್ಸ ಕೊಟ್ಟವ್ರೆ, ಮುದ್ದೆ ಸಿಕ್ತದಾ, ಬಂದೂಕ ಗಿಂದೂಕ ಮುಟ್ತೀಯಾ, ಎಲ್ಲಾ ಬರಿ.

ನಾನೀಗ ರೇಸ್ಮೆ ನೂಲಿನ ಸೆಡ್ಡಿಗೆ ಓಯ್ತಾ ಇವ್ನಿ. ಬಿಸಿನೀರ ತೊಟ್ಟಿ ಮುಂದೆ ಕೂತ್ಕಂಡು ಗೂಡು ಬಿಚ್ಚೋ ಕೆಲ್ಸ. ಎಂಟು ಗೂಡಿನ ಎಳೆ ಸೇರ್ಸಿದ್ರೆ ಒಂದು ನೂಲು. ಒಂದು ಗೂಡು ಮುಗೀತು ಅಂದ್ರೆ ರೆಪ್ಪೆ ಬಡಿಯೋದ್ರೊಳಗೆ ಇನ್ನೊಂದರ ಎಳೆ ಎಸೆದು ಅಂಟಿಸ್ಬೇಕು. ಎಂಟು ಅಂದ್ರೆ ಎಂಟೇ, ಇಲ್ದಿದ್ರೆ ನೂಲು ಸೊರಗ್ತದೆ. ನನ್ ನಂಬರು ಹದಿನೇಳು. ನಾವು ಬಿಚ್ಚಿದ್ದನ್ನ ಮುದ್ದಮ್ಮ ಅನ್ನೋಳು ದೊಡ್ಡ ರಾಟೆಗೆ ಸುತ್ತಿ, ಲಡಿ ಮಾಡಿ, ನಂಬರಿನ ಚೀಟಿ ಕಟ್ತಾಳೆ. ಮೇಸ್ತ್ರಿ ಕೆಂಪಸಿದ್ದಯ್ಯನೋರು ಮಾತಾಡಿದ್ರೆ ಗುರ್ ಅಂತಾರೆ, ಮನ್ಸು ಒಳ್ಳೇದು. ನೂಲಲ್ಲಿ ಮುಕ್ಕಾಲು ಪಾಲು ಸರ್ಕಾರದೋರು ಎತ್ಕಂಡು ಓಯ್ತಾರೆ, ಮಿಕ್ಕಿದ್ದು ಸೀರೆ ನೇಯೋರಿಗೆ. ಯುದ್ಧಕ್ಕೆ ರೇಸ್ಮೆ ಯಾತಕ್ಕೆ ಅಂತ ನಿಮ್ ಭಾವನ್ನ ಕೇಳ್ದೆ. "ಸತ್ತೋರಿಗೆ ಒದ್ಸಕ್ಕೆ ಇರ್ಬೈದು" ಅಂದ್ರು. ಬಾಯಿಗೆ ಬಂದದ್ದೇ ಮಾತು ಅವ್ರಿಗೆ.

ನನ್ ಕೈ ಚೆನ್ನಾಗವೆ.

ಇಂತಿ
ನಿನ್ನಕ್ಕ

---

ಊರ ಹೆಸರು ಬರೆಯುವ ಹಾಗಿಲ್ಲ
೨೧ ಮಾರ್ಚ್ ೧೯೪೩

ಅಕ್ಕನ ಪಾದಗಳಿಗೆ ಹುಚ್ಚೀರಯ್ಯನ ನಮಸ್ಕಾರಗಳು.

ನಿನ್ನ ಕಾಗದ ಯಾರೋ ಒಡೆದು, ಓದಿ, ಮತ್ತೆ ಅಂಟಿಸಿದ ಮೇಲೆ ನನಗೆ ಸಿಕ್ಕಿತು. ಇಲ್ಲಿ ಎಲ್ಲರದ್ದೂ ಹಂಗೇ. ಕನ್ನಡ ಬಲ್ಲೋರು ಕಮ್ಮಿ, ಅದಕ್ಕೆ ನಮ್ಮ ಕಾಗದ ತಿಂಗಳುಗಟ್ಟಲೆ ಕೂತಿರ್ತವೆ. ಮುದ್ದೆ ಸಿಗಲ್ಲ ಕಣಕ್ಕ. ರೊಟ್ಟಿ. ಆ ಮಾತು ಬುಡು.

ನನ್ನ ಕೆಲಸ ಕೇಳಿದರೆ ನೀನು ನಗ್ತೀಯ, ಆಮೇಲೆ ಕುಣೀತೀಯ. ನಿನ್ನ ರೇಷ್ಮೆಯದೇ ಕೆಲಸ! ವಿಮಾನದಿಂದ ಸಿಪಾಯಿಗಳು ಕೆಳಗೆ ಹಾರ್ತಾರೆ. ಅವರ ಬೆನ್ನಿಗೆ ಒಂದು ಗಂಟು ಇರ್ತದೆ. ಹಾರಿದ ತಕ್ಷಣ ಗಂಟು ಬಿಚ್ಚಿ, ನಮ್ಮ ಹಟ್ಟಿಗಿಂತ ಅಗಲದ ರೇಷ್ಮೆ ಬಟ್ಟೆ ಹರಡಿಕೊಂಡು ಗಾಳಿ ತುಂಬಿಕೊಳ್ತದೆ. ನಾವು ಅದಕ್ಕೆ ಛತ್ರಿ ಅಂತೀವಿ. ಕಲ್ಲಿನ ಹಾಗೆ ಬೀಳ್ತಿದ್ದೋನು ಹತ್ತಿಯ ಹಾಗೆ ಇಳೀತಾನೆ. ಆ ಬಟ್ಟೆ, ಅದರ ಇಪ್ಪತ್ತೆಂಟು ಹುರಿ, ಎಲ್ಲವನ್ನೂ ಸಿಕ್ಕಾಗದ ಹಾಗೆ ಮಡಚಿ ಚೀಲಕ್ಕೆ ತುಂಬೋನು ನಾನು. ಮಡಚಿದ ಮೇಲೆ ಒಂದು ಕಾರ್ಡಿಗೆ ರುಜು ಹಾಕಬೇಕು. ನಾನು ಹಾರೋನಲ್ಲ, ಬರೀ ಮಡಚೋನು. ನೀನು ಹೆದರಬೇಡ.

ಇಲ್ಲಿ ಘೋಷ್ ಬಾಬು ಅಂತ ಬಂಗಾಳದೋರು ಇದ್ದಾರೆ. ಬಲೂನು ಹಾರಿಸಿ ಗಾಳಿಯ ವೇಗ ಅಳೆಯೋದು ಅವರ ಕೆಲಸ. ಬಿಡುವಾದಾಗ ಮಂಗಳ ಗ್ರಹಕ್ಕೆ ಹೋಗೋ ಲೆಕ್ಕ ಹಾಕ್ತಾ ಕೂತಿರ್ತಾರೆ. ನಿಜ ಕಣಕ್ಕ! ಮುಂದೆ ಒಂದು ಕಾಲಕ್ಕೆ ಅಲ್ಲಿಗೆ ವಾಹನ ಹೋಗ್ತದಂತೆ. ಹೋಗೋದಲ್ಲ ಕಷ್ಟ, ನಿಲ್ಲೋದು ಕಷ್ಟ. ಅಷ್ಟು ಜೋರಲ್ಲಿ ಹೋದದ್ದು ಮಂಗಳನನ್ನ ದಾಟಿ ಆಚೆಗೇ ಹೊರಟುಹೋಗ್ತದೆ. ತಡೆಯೋಕೆ ಬೇಕಾದಷ್ಟು ಎಣ್ಣೆ ಹೊತ್ತುಕೊಂಡು ಹೋಗೋಕಾಗಲ್ಲ. ಅದಕ್ಕೆ ಬಾಬು ಅಂತಾರೆ, ಮಂಗಳನ ಸುತ್ತಲೂ ತೆಳ್ಳಗೆ ಗಾಳಿ ಅದೆಯಲ್ಲ, ಅದರ ಅಂಚಿಗೆ ವಾಹನ ತಾಗಿಸಿದರೆ ಆ ಗಾಳಿಯೇ ಹಿಡಿದು ನಿಧಾನ ಮಾಡ್ತದೆ, ಅದು ಆಚೆ ಹೋಗದೆ ಅವನನ್ನೇ ಸುತ್ತುಕೊಂಡು ಇರ್ತದೆ ಅಂತ. ಆದರೆ ಒಳಕ್ಕೆ ಜಾಸ್ತಿ ನುಗ್ಗಿದರೆ ಉರಿದು ಬೂದಿ. ಕಮ್ಮಿ ತಾಗಿದರೆ ಕೈಬಿಟ್ಟು ಹೋಯ್ತು. ಎಷ್ಟು ತಾಗಿಸಬೇಕು ಅನ್ನೋದರಲ್ಲಿ ಅವರ ಲೆಕ್ಕ ನಿಂತಿದೆ.

ಹೋದ ವಾರ ಹೊಸ ಛತ್ರಿಗಳು ಬಂದವು. ಮೈಸೂರು ಸೀಮೆ ರೇಷ್ಮೆ ಅಂದರು. ಮುಟ್ಟಿದ ಕೂಡಲೇ ಕಣ್ಣಲ್ಲಿ ನೀರು ಬಂತು. ನಿನ್ನ ನೂಲೇ ಇರಬಹುದು ಅಕ್ಕ!

ನಿನ್ನ ತಮ್ಮ
ಹುಚ್ಚೀರಯ್ಯ

---

ಮಳವಳ್ಳಿ
೨೦ ಏಪ್ರಿಲ್ ೧೯೪೩

ಹುಚ್ಚೀರ, ಕಾಗದ ಬಂತು. ಆಸೀರ್ವಾದ.

ನಾಕು ಮಾತು ಕೇಳ್ತೀನಿ, ತಪ್ಪದೆ ಜವಾಬು ಬರಿ. ಆ ಬಟ್ಟೇಲಿ ಒಂದು ಎಳೆ ತುಂಡಾದ್ರೆ ಏನಾಯ್ತದೆ? ನೂಲು ವಸಿ ತೆಳ್ಳಗಿದ್ರೆ ಗಾಳಿ ಅರಿದಾಕ್ತದಾ? ನೂಲಿನ ನಂಬರು ಬಟ್ಟೆ ಮ್ಯಾಲೆ ಬರ್ದಿರ್ತಾರಾ? ಅದು ಯಾವ ತಿಂಗಳ ನೂಲು ಅಂತ ತಿಳೀತದಾ?

ಸುಮ್ಕೆ ಕೇಳ್ದೆ.

ನಿಮ್ ಬಾಬುಗೆ ಹೇಳು, ನಮ್ಮೂರು ಬೆಳ್ಳೂರಿನ ಉಣಸೇಮರದ ಕೆಳಗೆ ಒಂದು ದಿನ ಕೂತ್ಕಳ್ಳಿ ಅಂತ. ಕೊಕ್ಕರೆ ಜತೆ ಬರೋ ಎಜ್ಜಾರ್ಲೆ ನೋಡಿದ್ದೀಯಲ್ಲ, ಅದು ನಿನ್ನಂಗೇ ಡೊಳ್ಳುಹೊಟ್ಟೆ ಹಕ್ಕಿ. ಸಿಂಸಾ ಹೊಳೆ ಕಡೆಯಿಂದ ಮೀನು ತುಂಬ್ಕಂಡು ಬರೋವಾಗ ನೆಟ್ಟಗೆ ಬಂದು ಕೊಂಬೆಗೆ ಬಡ್ಕಂತದಾ? ಇಲ್ಲ. ಊರ ಮ್ಯಾಲೆ ಒಂದು ಸುತ್ತು, ಮತ್ತೆ ವಸಿ ಕೆಳಕ್ಕೆ ಒಂದು ಸುತ್ತು, ಮತ್ತೊಂದು ಸುತ್ತು. ಸುತ್ತಿಗೆ ಇಷ್ಟಿಷ್ಟೇ ಜೋರು ಕಳ್ಕಂಡು, ಕೊನೇಗೆ ಕೊಂಬೆ ಮ್ಯಾಲೆ ಕಾಲಿಡ್ತದೆ. ಒಂದೇ ಸಲಕ್ಕೆ ಇಳೀಬೇಕು ಅಂತ ಅವ್ರಿಗ್ಯಾರು ಹೇಳ್ದೋರು?

ಮುದ್ದಮ್ಮ ಮಗಳ ಬಾಣಂತನ ಅಂತ ಚಿಕ್ಕರಸಿನಕೆರೆಗೆ ಹೊಂಟೋದ್ಲು. ಮಾತಾಡಕ್ಕೆ ಜನ ಇಲ್ಲ.

ಮಹದೇವಮ್ಮ

---

೩೦ ಮೇ ೧೯೪೩

ಅಕ್ಕನಿಗೆ ನಮಸ್ಕಾರ.

ಏನಕ್ಕ, ಪೊಲೀಸಿನೋರ ತರ ಸವಾಲು ಹಾಕಿದ್ದೀಯ! ನಿನ್ನ ನೂಲು ಆಕಾಶಕ್ಕೆ ಹೋಯ್ತು ಅಂತ ಜಂಬ ಬಂದುಬಿಟ್ಟಿದೆ ನಿನಗೆ. ಬರಲಿ ಬುಡು, ಬರಬೇಕಾದ್ದೇ.

ಒಂದು ಎಳೆ ಹೋದರೆ ಏನೂ ಆಗಲ್ಲ. ಪಕ್ಕದ ಎಳೆಗಳು ಹಿಡಿದುಕೊಳ್ತವೆ. ಆದರೆ ನೂಲು ಒಂದೇ ಸಮ ತೆಳ್ಳಗಿದ್ದು, ಆ ನೂಲಲ್ಲೇ ಒಂದು ಪಟ್ಟಿ ಪೂರ್ತಿ ನೇಯ್ದಿದ್ದರೆ, ಗಾಳಿ ಹೊಡೆತಕ್ಕೆ ಸೀಳಿಹೋಗ್ತದೆ ಅಂತ ನಮ್ಮ ಹವಾಲ್ದಾರ ಹೇಳಿದ. ಬಟ್ಟೆ ಮೇಲೆ ನೂಲಿನ ನಂಬರು ಇರಲ್ಲ. ಅಷ್ಟು ದೂರದ್ದು ಯಾರಿಗೆ ಗೊತ್ತಾಗ್ತದೆ? ನಿನ್ನ ಕೈ ನೂಲು ಹಂಗೆಲ್ಲ ಇರಲ್ಲ, ಅದು ನನಗೆ ಗೊತ್ತು.

ನಿನ್ನ ಹೆಜ್ಜಾರ್ಲೆ ಕಥೆ ಬಾಬುಗೆ ಹೇಳಿದೆ. ಕುರ್ಚಿಯಿಂದ ಎದ್ದು ನಿಂತರು ಅಕ್ಕ! "ಒಂದೇ ಸಲ ಅಲ್ಲ, ಸುತ್ತು ಹಾಕಿ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ" ಅಂತ ಅವರೂ ಒಮ್ಮೆ ಯೋಚಿಸಿದ್ದರಂತೆ. ಬಹಳ ತಿಂಗಳು ಹಿಡೀತದೆ ಅಂತ ಕೈಬಿಟ್ಟಿದ್ದರಂತೆ. "ನಿಮ್ಮ ದೀದಿ ಹಕ್ಕಿಗೆ ಅವಸರ ಇಲ್ಲ, ನನಗೆ ಯಾಕೆ ಅವಸರ?" ಅಂದು ಮತ್ತೆ ಲೆಕ್ಕಕ್ಕೆ ಕೂತಿದ್ದಾರೆ. ನಿನಗೆ ಅವರ ಪ್ರಣಾಮಗಳು.

ಹುಚ್ಚೀರಯ್ಯ

---

ಮಳವಳ್ಳಿ
೨೨ ಜೂನ್ ೧೯೪೩

ತಮ್ಮ ಹುಚ್ಚೀರನಿಗೆ.

ನಂಗೆ ಜಂಬ ಅಲ್ಲ ಕಣ್ಲಾ. ಭಯ. ನಾನೂ ಆ ಹಕ್ಕಿಯಂಗೆ ಸುತ್ತು ಹಾಕ್ತಾ ಇದ್ದೆ, ಇವತ್ತು ಇಳೀತಾ ಇವ್ನಿ.

ಸಂಕ್ರಾಂತಿ ಕಳೆದ ಮ್ಯಾಲೆ ಬಿಸಿನೀರಲ್ಲಿ ನೆಂದು ನೆಂದು ನನ್ ಬೆರಳ ಸಂದೆಲ್ಲಾ ಕೊಳೆತೋಗಿತ್ತು. ಉಗುರಿನ ಬುಡದಲ್ಲಿ ಕೀವು. ಎಳೆ ಹಿಡಿಯಕ್ಕೇ ಆಯ್ತಿರ್ನಿಲ್ಲ. ಕೈ ಕೆಟ್ಟೋರನ್ನ ಸೆಡ್ಡಿಂದ ಕಳಿಸ್ಬುಡ್ತಾರೆ. ಕಳಿಸಿದ್ರೆ ಮತ್ತೆ ಕರೆಯಲ್ಲ, ಬಾಗಿಲಲ್ಲಿ ಇಪ್ಪತ್ತು ಜನ ಕಾಯ್ತಾ ಅವ್ರೆ. ಅದಕ್ಕೆ ಯಾರ್ಗೂ ಹೇಳ್ನಿಲ್ಲ. ಅರಿಸ್ನ ಮೆತ್ಕಂಡು ಬಂದು ಕೂತ್ಕತಿದ್ದೆ. ಎಂಟು ಗೂಡು ಓಡಿಸೋ ಕಡೆ ಐದು ಓಡಿಸ್ದೆ. ಮುಗಿದ ಗೂಡಿಗೆ ಬದಲು ಎಳೆ ಎಸೀನಿಲ್ಲ. ಮೂರು ವಾರ ಇಂಗೇ ಮಾಡ್ದೆ. ತೆಳ್ಳಗೆ ಬಂತು, ನೋಡಕ್ಕೆ ಚೆಂದಾಗೇ ಇತ್ತು. ಯಾರೋ ಸಾವ್ಕಾರ್ರ ಮನೆ ಸೀರೆಗೆ ಓಯ್ತದೆ, ಬೇಗ ಅರಿದ್ರೆ ಇನ್ನೊಂದು ಕೊಳ್ತಾರೆ ಅಂದ್ಕಂಡು ಮನ್ಸಿಗೆ ಸಮಾಧಾನ ಹೇಳ್ಕಂಡೆ.

ಆಮ್ಯಾಲೆ ನಿನ್ ಕಾಗದ ಬಂತು. ಮನುಸ್ರು ಆ ನೂಲು ನಂಬ್ಕಂಡು ಆಕಾಸದಿಂದ ಹಾರ್ತಾರೆ ಅಂತ. ಅದಕ್ಕೇ ಅವತ್ತು ಆ ನಾಕು ಮಾತು ಕೇಳಿದ್ದು. ಸೀಳಿಹೋಗ್ತದೆ ಅಂತ ನೀನು ಬರ್ದ ಮ್ಯಾಲಂತೂ ಕಣ್ಮುಚ್ಚಿದ್ರೆ ಯಾರೋ ಬೀಳ್ತಾ ಇರ್ತಾರೆ. ಮೊಕ ಕಾಣಲ್ಲ. ಅವ್ನ ತಾಯಿ ಎಲ್ಲೋ ರೊಟ್ಟಿ ತಟ್ತಾ ಇರ್ತಾಳೆ, ಅವಳಿಗೆ ಗೊತ್ತಿಲ್ಲ.

ನಾಳೆ ಕೆಂಪಸಿದ್ದಯ್ಯನೋರಿಗೆ ಹೇಳ್ಬುಡ್ತೀನಿ. ಕೆಲ್ಸ ಓದ್ರೆ ಓಗ್ಲಿ. ನೀನೂ ನಿಮ್ ಸಾಹೇಬ್ರಿಗೆ ಹೇಳು. ನನ್ ಹೆಸರು, ಹದಿನೇಳನೇ ನಂಬರು, ಜನವರಿ ನೂಲು. ಮುಚ್ಚಿಡಬೇಡ. ನಿಮ್ಮಕ್ಕ ಅಂತ ನಾಚ್ಕೋಬೇಡ. ತೆಪ್ಪು ಮಾಡಿದ್ದು ನಾನು, ನೀನಲ್ಲ.

ಮಹದೇವಮ್ಮ

---

೧೦ ಜುಲೈ ೧೯೪೩

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂದು ಎರಡು ತಿಂಗಳಾಯ್ತು. ಕೋಪವಾ? ಜಂಬ ಅಂದದ್ದು ತಮಾಷೆಗೆ.

ಒಂದು ವಿಷಯ ನಿನ್ನಿಂದ ಮುಚ್ಚಿಟ್ಟಿದ್ದೆ. ಇಲ್ಲಿ ಒಂದು ಕಾನೂನು ಅದೆ. ಮಡಚೋರು ಕೂಡ ಒಮ್ಮೆ ಹಾರಬೇಕು, ತಾವೇ ಮಡಚಿದ ಛತ್ರೀಲಿ. ಯಾವುದು ಅಂತ ಸಾಹೇಬರು ಆರಿಸ್ತಾರೆ. ಹಂಗಿದ್ದರೆ ಮೈಮರೆತು ಮಡಚಲ್ಲ ಅಂತ. ನನ್ನ ಸರದಿ ಸೆಪ್ಟೆಂಬರ್ ಒಂದನೇ ತಾರೀಖು. ಆಗಲ್ಲ ಅಂದೋರನ್ನ ಊರಿಗೆ ಕಳಿಸ್ತಾರೆ.

ಹೆದರಿಕೆ ಆಗ್ತದೆ ಅಕ್ಕ. ಚಿಕ್ಕೋನಿದ್ದಾಗ ಹುಣಸೇಮರ ಹತ್ತಿ ಇಳಿಯೋಕೆ ಬರದೆ ಅತ್ತಿದ್ದೆನಲ್ಲ, ಅದೇ ಹೆದರಿಕೆ. ಯಾರಿಗೂ ಹೇಳಿಲ್ಲ, ಹೊರಗೆ ನಗ್ತಾ ಇರ್ತೀನಿ. ಒಂದೇ ಧೈರ್ಯ. ಮೇಲೆ ಹರಡೋ ಬಟ್ಟೆ ನಮ್ಮಕ್ಕನ ಕೈ ನೂಲು, ಅದು ನನ್ನ ಬೀಳಿಸಲ್ಲ ಅನ್ನೋದು. ಎಲ್ಲಿದ್ದರೂ ನೀನು ನನ್ನ ಎತ್ತಿಕೊಂಡೇ ಇದ್ದೀಯ.

ಭಾವನಿಗೆ ಹೇಳಬೇಡ.

ಹುಚ್ಚೀರಯ್ಯ

---

ಮಳವಳ್ಳಿ
೪ ಆಗಸ್ಟ್ ೧೯೪೩

ಹುಚ್ಚೀರ, ಹಾರಬೇಡ ಕಣಪ್ಪ. ಜೂನ್‌ನಾಗೆ ಬರ್ದ ಕಾಗದ ಸಿಕ್ತಾ? ಸಿಕ್ದಿದ್ರೆ ಇಲ್ಲೇ ಹೇಳ್ತೀನಿ. ನನ್ ನೂಲು ನಂಬಬೇಡ. ಜನವರಿ ತಿಂಗಳು ನನ್ ಕೈ ಕೆಟ್ಟು ತೆಳ್ಳಗೆ ಬಿಚ್ಚಿವ್ನಿ. ಊರಿಗೆ ಕಳಿಸಿದ್ರೆ ಬಂದ್ಬುಡು. ಯಾವನಾದ್ರೂ ನಕ್ಕರೆ ಅವನ ಹಲ್ಲು ನಾನು ಉದುರಿಸ್ತೀನಿ.

ಕೆಂಪಸಿದ್ದಯ್ಯನೋರಿಗೆ ಹೇಳ್ದೆ. ಬಯ್ತಾರೆ ಅಂದ್ಕಂಡಿದ್ದೆ. ಬಯ್ನಿಲ್ಲ. ನನ್ ಕೈ ಇಡ್ಕಂಡು, ಬೆರಳು ಬಿಡಿಸಿ ನೋಡುದ್ರು. ತೊಟ್ಟಿಂದ ಎಬ್ಬಿಸಿ, ಗೂಡು ಆರಿಸೋ ಒಣಗಿದ ಕೆಲ್ಸಕ್ಕೆ ಆಕುದ್ರು. ನೂಲಿನ ಮಾತು ಎತ್ತಿದ್ರೆ "ಜನವರಿ ಲಡಿ ಸುತ್ತಿದೋಳು ಮುದ್ದಮ್ಮ. ಅವಳು ಬರ್ಲಿ, ಕೇಳೋಣ" ಅಂದ್ರು. ಅವಳು ಇನ್ನೂ ಬಂದಿಲ್ಲ.

ಕೊಕ್ಕರೆಬೆಳ್ಳೂರಿಂದ ಮಳವಳ್ಳಿಗಂಟ ಇರೋ ದೇವ್ರಿಗೆಲ್ಲಾ ಕೈ ಮುಗ್ದಿವ್ನಿ. ನಿನ್ ಕಾಗದ ಬರೋಗಂಟ ನಂಗೆ ನಿದ್ದೆ ಇಲ್ಲ.

ಅಕ್ಕ

---

೫ ಸೆಪ್ಟೆಂಬರ್ ೧೯೪೩

ಪೂಜ್ಯಳಾದ ಅಕ್ಕನಿಗೆ ಸಾವಿರ ಸಲ ನಮಸ್ಕಾರ.

ಮೊದಲು ಇದನ್ನ ಓದು. ನಾನು ಹಾರಿದೆ, ಇಳಿದೆ, ಗಟ್ಟಿಮುಟ್ಟಾಗಿದ್ದೀನಿ. ಒಂದು ಮೊಣಕಾಲು ತರಚಿದೆ ಅಷ್ಟೆ. ಈಗ ಉಳಿದದ್ದು ಕೇಳು.

ನಿನ್ನ ಜೂನ್ ಕಾಗದ ಆಗಸ್ಟ್ ಇಪ್ಪತ್ತೆಂಟಕ್ಕೆ ಬಂತು, ಅದಾದ ಮೇಲೆ ಬೇರೆ ಯಾವುದೂ ಬಂದಿಲ್ಲ. ಓದಿ, ಹೊರಗೆ ಹೋಗಿ ಕೂತೆ. ನಿನ್ನ ನೂಲಿನ ಚಿಂತೆ ಅಲ್ಲ ಅಕ್ಕ. ನನ್ನದೇ ಒಂದು ತಪ್ಪು ಎದೆ ಮೇಲೆ ಕೂತಿತ್ತು. ಆಗಸ್ಟ್ ಹತ್ತರಂದು ನನಗೆ ಚಳಿಜ್ವರ. ರಜಾ ಕೇಳಿದರೆ, ಹಾರೋಕೆ ಹೆದರಿ ನೆಪ ತೆಗೀತಾನೆ ಅಂತಾರೆ ಅಂದುಕೊಂಡು ಹಂಗೇ ನಿಂತು ಹನ್ನೆರಡು ಛತ್ರಿ ಮಡಚಿದೆ. ಹನ್ನೊಂದನೆಯದರ ಹುರಿ ನೋಡಿದೆನೋ ಇಲ್ಲವೋ ನೆನಪೇ ಇಲ್ಲ. ಆದರೂ ರುಜು ಹಾಕಿದೆ. ಅವತ್ತಿಂದ ದಿನಾ ಬೆಳಗ್ಗೆ ಕಪಾಟಿನ ಹತ್ತಿರ ಹೋಗಿ, ಅದು ಇನ್ನೂ ಅಲ್ಲೇ ಅದೆಯಾ ಅಂತ ನೋಡೋದು, ಬಾಯಿ ಮುಚ್ಚಿಕೊಂಡು ಬರೋದು.

ಕೆಲಸ ಹೋದರೆ ಹೋಗಲಿ ಅಂತ ನೀನು ಬರೆದಿದ್ದೀಯ. ಅಷ್ಟು ದೂರದಲ್ಲಿ ಕೂತು, ಮೊಕ ಕಾಣದೋನ ತಾಯಿಗೆ ಮರುಗಿ. ನಾನು ಇಲ್ಲಿ, ಆ ಹುಡುಗರ ಜೊತೇಲೇ ಉಣ್ಣೋನು, ಸುಮ್ಮನಿದ್ದೆ. ನಾಚಿಕೆಯಾಗಿ ಹೋಯ್ತು. ಆಗಲೇ ಎದ್ದು ಘೋಷ್ ಬಾಬುನ ಕರೆದುಕೊಂಡು ಸಾಹೇಬರ ಹತ್ತಿರ ಹೋದೆ. ನಿನ್ನದೂ ಹೇಳಿದೆ, ನನ್ನದೂ ಹೇಳಿದೆ. ಬಾಬು ಇಂಗ್ಲಿಷಿನಲ್ಲಿ ಹೇಳಿದರು.

ಕಪಾಟು ನೋಡಿದರೆ ಆ ಛತ್ರಿ ಇರಲಿಲ್ಲ ಅಕ್ಕ. ಮಾರನೇ ದಿನ ಹಾರೋರಿಗೆ ಅಂತ ತೆಗೆದು ಇಟ್ಟಾಗಿತ್ತು. ಧನಬೀರ ಅನ್ನೋ ನೇಪಾಳದ ಹುಡುಗನ ಪಾಲಿಗೆ ಬಂದಿತ್ತು. ಸಾಹೇಬರು ಅದನ್ನ ತರಿಸಿ, ಮೇಜಿನ ಮೇಲೆ ಬಿಚ್ಚಿಸಿದರು. ಮೂರು ಹುರಿ ಒಂದಕ್ಕೊಂದು ಸುತ್ತಿಕೊಂಡು, ಬಟ್ಟೆಯ ಕುತ್ತಿಗೆಗೆ ಬಿಗಿದಿದ್ದವು. ಅದು ಹರಡ್ತಿರಲಿಲ್ಲ. ಧನಬೀರ ಪಕ್ಕದಲ್ಲೇ ನಿಂತಿದ್ದ. ನಾನು ಅವನ ಮೊಕ ನೋಡಲಾರದೆ ಅತ್ತುಬಿಟ್ಟೆ.

ನನಗೆ ಹದಿನೈದು ದಿನ ಅಡಿಗೆಮನೆ ಹಂಡೆ ತಿಕ್ಕೋ ಶಿಕ್ಷೆ. ಅದರ ಜೊತೆಗೆ ಸಾಹೇಬರು, "ಇದನ್ನೇ ಮತ್ತೆ ಮಡಚು, ಒಂದನೇ ತಾರೀಖು ಇದರಲ್ಲೇ ಹಾರು" ಅಂದರು. ನಿನ್ನ ನೂಲಿನ ವಿಷಯಕ್ಕೆ, ಯಾವ ನೂಲು ಯಾವ ಬಟ್ಟೆಗೆ ಹೋಯ್ತು ಅಂತ ಇಲ್ಲಿ ಯಾರಿಗೂ ತಿಳಿಯಲ್ಲ, ಆ ಕಂತಿನ ಛತ್ರಿಗಳಿಗೆಲ್ಲಾ ಮರಳಿನ ಮೂಟೆ ಕಟ್ಟಿ ಎಸೆದು ನೋಡೋಣ ಅಂದರು. ಎರಡು ದಿನ ಎಸೆದರು. ಒಂದೂ ಸೀಳಲಿಲ್ಲ.

ಹಾರಿದ್ದು ಹೇಳ್ತೀನಿ. ವಿಮಾನದ ಬಾಗಿಲಲ್ಲಿ ನಿಂತೆ. ಅಕ್ಕಾ ಅಂದೆ, ಹೊರಗೆ ಬಿದ್ದೆ. ಆಮೇಲೆ ಯಾರೋ ರಟ್ಟೆ ಹಿಡಿದು ಮೇಲಕ್ಕೆ ಎಳೆದಂಗಾಯ್ತು. ತಲೆ ಎತ್ತಿದರೆ ಬೆಳ್ಳಗೆ ರೇಷ್ಮೆ, ಅದರ ತುಂಬಾ ಗಾಳಿ. ಹುಟ್ಟಿದಾಗಿನಿಂದ ಉಸಿರಾಡಿದ್ದೀನಿ, ಗಾಳಿಗೆ ಒಂದು ದಿನ ಕೈ ಮುಗಿದೋನಲ್ಲ. ಅವತ್ತು ಎರಡು ಕೈಲೂ ಹುರಿ ಹಿಡಿದಿದ್ದೆ, ಮುಗಿಯೋಕೆ ಆಗಲಿಲ್ಲ, ಬಾಯಲ್ಲೇ ಹೇಳಿದೆ. ಮಂಗಳನ ಗಾಳಿ ತೆಳ್ಳಗಾದರೂ ಹಿಡಿದು ನಿಲ್ಲಿಸ್ತದೆ ಅಂತ ಬಾಬು ಅಂದರೆ ಈಗ ನಾನು ನಂಬ್ತೀನಿ. ಕೆಳಗೆ ಬಾಬು ಟೋಪಿ ಎಸೆದು ಕುಣೀತಿದ್ದರು.

ಧನಬೀರ ದಿನಾ ನನ್ನ ಜೊತೆ ಹಂಡೆ ತಿಕ್ಕೋಕೆ ಬರ್ತಾನೆ. ಬೇಡ ಅಂದರೂ ಕೇಳಲ್ಲ. ಅವನಿಗೆ ಓದು ಬರಹ ಇಲ್ಲ. ನಿನಗೆ ಏನಾದರೂ ಬರೀಬೇಕು ಅಂತ ಹಟ ಹಿಡಿದ. ಎರಡು ಅಕ್ಷರ ತೋರಿಸಿಕೊಟ್ಟೆ. ಕೆಳಗೆ ಸೊಟ್ಟಗೆ ಇರೋದು ಅವನ ಕೈಬರಹ.

ನಿನ್ನ ಋಣ ಯಾವತ್ತೂ ತೀರಲ್ಲ.

ಹುಚ್ಚೀರಯ್ಯ

ಅಕ್ಕ

---

ಮಳವಳ್ಳಿ
೧೨ ಅಕ್ಟೋಬರ್ ೧೯೪೩

ನನ್ ತಮ್ಮಂದಿರು ಹುಚ್ಚೀರನಿಗೂ ಧನಬೀರನಿಗೂ ಅಕ್ಕ ಮಹದೇವಮ್ಮನ ಆಸೀರ್ವಾದ. ನೂರು ವರ್ಸ ಬಾಳಿ.

ಕಾಗದ ಬಂದಾಗ ಸೆಡ್ಡಲ್ಲಿದ್ದೆ. ನಿಮ್ ಭಾವ ಓಡ್ಕಂಡು ತಂದ್ರು, ಅಂಗಿ ತಿರುವುಮುರುವು ಆಕ್ಕಂಡು. "ಇಳಿದೆ" ಅನ್ನೋ ಪದ ಓದಿ ಅಲ್ಲೇ ಗೂಡಿನ ಗುಡ್ಡೆ ಮ್ಯಾಲೆ ಕುಸಿದ್ಬುಟ್ಟೆ. ಕೆಂಪಸಿದ್ದಯ್ಯನೋರು ಗುರ್ ಅನ್ನಕ್ಕೆ ಬಂದೋರು, ಕಾಗದ ಕೇಳಿ, ಕಣ್ಣಲ್ಲಿ ಹೊಗೆ ಹೋಯ್ತು ಅಂತ ಆಚೆ ಹೊಂಟೋದ್ರು. ನನ್ ಕೈ ವಾಸಿ ಆಗದೆ. ಈ ಸಲ ದಿಟ.

ಮುದ್ದಮ್ಮ ಇವತ್ತು ಬಂದ್ಲು. ಬಂದ ಕೂಡ್ಲೇ ನಿನ್ ಕಾಗದಾನೆಲ್ಲಾ ಅವಳಿಗೆ ಓದ್ದೆ, ಜೂನ್‌ನಾಗೆ ನಾನು ಬರ್ದದ್ದನ್ನೂ ಹೇಳ್ದೆ. ಅವಳ ಮೊಕ ಒಂಥರಾ ಆಯ್ತು. "ಯಾವ ನೂಲಮ್ಮ, ಜನವರೀದಾ?" ಅಂದ್ಲು. "ಅದು ಎಲ್ಲೂ ಆಕಾಸಕ್ಕೆ ಹೋಗ್ನಿಲ್ಲ ಕಣೆ. ರಾಟೆಗೆ ಸುತ್ತೋವಾಗ್ಲೇ ನನ್ ಬೆರಳಿಗೆ ತೆಳ್ಳಗೆ ಸಿಕ್ತು. ನಿನ್ ಕೈ ನೋಡ್ದೆ, ಅರಿಸ್ನ ಮೆತ್ಕಂಡಿದ್ದೆ. ಹೇಳಿದ್ರೆ ನಿನ್ನ ಕಳಿಸ್ತಾರೆ, ಹೇಳ್ದೆ ಸೇರಿಸಿದ್ರೆ ತೆಪ್ಪು. ಅದಕ್ಕೆ ಮೂರು ವಾರ ನಿನ್ ಲಡಿನೆಲ್ಲಾ ಬ್ಯಾರೆ ಕಟ್ಟಿ, ಎರಡನೇ ತರದ್ದು ಅಂತ ಸೀರೆ ನೇಯೋರ ಗಂಟಿಗೆ ಆಕ್ದೆ. ಯಾರ ಮದ್ವೇಲಿ ಯಾರು ಉಟ್ಟವ್ಳೋ ಏನೋ."

ಒಂಬತ್ತು ತಿಂಗಳು ಅವಳು ನನ್ ಮಾನ ಮುಚ್ಕಂಡು ಕೂತಿದ್ಲು, ಒಂದಿನ ಆಡಿ ತೋರಿಸ್ನಿಲ್ಲ. ಅವಳ ಕಾಲು ಮುಟ್ಟಕ್ಕೆ ಹೋದ್ರೆ ಕೈ ತಳ್ಳಿ, "ನಾನು ಮಹಾ ದಡ್ಡಿ, ನಿಂಗೊಂದು ಮಾತು ಹೇಳಿದ್ದಿದ್ರೆ ಏಸು ದಿನದ ನಿದ್ದೆ ಉಳೀತಿತ್ತು" ಅಂತ ಅಳಕ್ಕೆ ಸುರು ಮಾಡಿದ್ಲು.

ಸುಮ್ಕಿರೆ ಮುದ್ದಿ, ಅಂದೆ. ನೀನು ಹೇಳಿದ್ದಿದ್ರೆ ನಾನು ಆ ಕಾಗದ ಬರೀತಾನೇ ಇರ್ನಿಲ್ಲ.

ಆಮ್ಯಾಲೆ ಅವಳು ನಿನ್ ಕಾಗದ ಈಸ್ಕಂಡು, ಕೆಳಗಿನ ಆ ಎರಡು ಸೊಟ್ಟ ಅಕ್ಸರ ಯಾವು ಅಂತ ತೋರ್ಸು ಅಂದ್ಲು. ತೋರಿಸ್ದೆ. ಓದಕ್ಕೆ ಬರಲ್ಲ ಅವಳಿಗೆ, ಬೆರಳಿಟ್ಟು ಒಂದ್ಸಲ ತಿದ್ದಿ ನೋಡಿದ್ಲು.

ಮಹದೇವಮ್ಮ